ಮಹಾಶಕ್ತಿಗಳ ಪೈಪೋಟಿಯ ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಬಾರದು

ಮಾನ್ಯ ಸಂಪಾದಕರೆ,

ರಷ್ಯಾ 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ದಾಳಿ ಆರಂಭಿಸಿದ ಮೇಲೆ ಹೊಸ ಶೀತಲ ಸಮರದ ಕುರಿತ ಲೇಖನಗಳು ಕನ್ನಡ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಅವನ್ನು ಓದಿಕೊಂಡು ಬರುವ ವಿದ್ಯಾರ್ಥಿಗಳು, ಅದರಲ್ಲೂ ವಿಜಯಪುರದ ಗ್ರಂಥಾಲಯಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಯುವಕ ಯುವತಿಯರು, ಇತಿಹಾಸ ಕಲಿಸುವ ನನ್ನಂಥವರನ್ನು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಹಿಟ್ಲರನನ್ನು ಕೂಡಿಯೇ ಸೋಲಿಸಿದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಎರಡು ಮೂರು ವರ್ಷಗಳಲ್ಲಿ ಎದುರಾಳಿಗಳಾಗಿ, ಶೀತಲ ಸಮರವೆಂದು ಕರೆಯುವ ಹಗೆತನಕ್ಕೆ ಇಳಿದದ್ದು ಏಕೆ? ತಪ್ಪು ಯಾರದು? ಅಷ್ಟು ದ್ವೇಷವಿದ್ದೂ ಅವು ನೇರವಾಗಿ ಯುದ್ಧಕ್ಕೆ ಇಳಿಯಲಿಲ್ಲವೇಕೆ? ಈಗಿನ ಅಮೆರಿಕ ಮತ್ತು ಚೀನಾಗಳ ಪೈಪೋಟಿಯೂ ಅದರ ಮುಂದುವರಿಕೆಯೇ? ಇವು ಒಳ್ಳೆಯ ಪ್ರಶ್ನೆಗಳು. ಆದರೆ ಪೇಟೆಯಲ್ಲಿ ಸಿಗುವ ಗೈಡುಗಳು ಇವೆಲ್ಲಕ್ಕೂ ಬಂಡವಾಳಶಾಹಿ ಮತ್ತು ಸಮತಾವಾದ (ಕಮ್ಯುನಿಸಂ)ಗಳ ನಡುವಿನ ಸೈದ್ಧಾಂತಿಕ ಸಂಘರ್ಷವೇ ಕಾರಣ ಎಂಬ ಒಂದೇ ವಾಕ್ಯವನ್ನು ಉತ್ತರವಾಗಿ ಕೊಡುತ್ತವೆ. ಆ ವಾಕ್ಯಕ್ಕೆ ಅಂಕ ಸಿಗಬಹುದು, ಆದರೆ ಅದು ಘಟನೆಗಳಿಗೆ ಹೊಂದುವುದಿಲ್ಲ. ನಿಮ್ಮ ಪತ್ರಿಕೆಯ ಓದುಗರ ಮುಂದೆ ಇದನ್ನು ವಿವರವಾಗಿ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸಿದ್ಧಾಂತವೊಂದೇ ಕಾರಣವಾಗಿದ್ದರೆ 1917ರಲ್ಲಿ ರಷ್ಯಾದ ಕ್ರಾಂತಿಯಾದಂದಿನಿಂದಲೂ ಈ ಎರಡು ದೇಶಗಳು ಒಂದೇ ತೀವ್ರತೆಯಿಂದ ಸೆಣಸಬೇಕಾಗಿತ್ತು. ಆದರೆ 1941ರಲ್ಲಿ ಜರ್ಮನಿ ಸೋವಿಯತ್ ನೆಲಕ್ಕೆ ನುಗ್ಗಿದಾಗ ಅಮೆರಿಕ ಅದೇ ಕಮ್ಯುನಿಸ್ಟ್ ಸರ್ಕಾರಕ್ಕೆ ಲಾರಿ, ವಿಮಾನ, ಆಹಾರಗಳನ್ನು ಹಡಗುಗಟ್ಟಲೆ ಕಳುಹಿಸಿತು. 1948ರಲ್ಲಿ ಯುಗೊಸ್ಲಾವಿಯಾದ ನಾಯಕ ಟಿಟೊ, ತಾವೂ ಕಮ್ಯುನಿಸ್ಟರಾಗಿದ್ದು, ಸೋವಿಯತ್ ನಾಯಕ ಸ್ಟಾಲಿನ್ ಬಣದಿಂದ ಹೊರಬಿದ್ದರು. 1969ರ ಮಾರ್ಚ್‌ನಲ್ಲಿ ಉಸುರಿ ನದಿಯ ಒಂದು ಸಣ್ಣ ದ್ವೀಪಕ್ಕಾಗಿ ಸೋವಿಯತ್ ಮತ್ತು ಚೀನೀ ಸೈನಿಕರು ಪರಸ್ಪರ ಗುಂಡು ಹಾರಿಸಿದರು. ಮೂರು ವರ್ಷಗಳ ತರುವಾಯ, 1972ರ ಫೆಬ್ರುವರಿಯಲ್ಲಿ, ಕಮ್ಯುನಿಸ್ಟ್ ವಿರೋಧದಿಂದಲೇ ರಾಜಕೀಯದಲ್ಲಿ ಮೇಲೆ ಬಂದ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋಗಿ ಚೀನಾದ ನಾಯಕ ಮಾವೊ ಅವರ ಕೈ ಕುಲುಕಿದರು. ಈ ನಾಲ್ಕು ಘಟನೆಗಳಲ್ಲಿ ಒಂದನ್ನೂ ಗೈಡಿನ ಆ ವಾಕ್ಯದಿಂದ ವಿವರಿಸಲು ಬರುವುದಿಲ್ಲ.

ಕೃಷ್ಣೆಯ ದಂಡೆಯಲ್ಲಿ ಬದುಕುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಕಾದಾಡಿದರು. ಮುಂದೆ 1520ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯರೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹರೂ ಎದುರುಬದುರಾದರು. ಇವನ್ನೆಲ್ಲ ಕೇವಲ ಧರ್ಮಗಳ ಯುದ್ಧವೆಂದು ಹೇಳುವವರಿದ್ದಾರೆ. ಆದರೆ ಅದಕ್ಕೂ ಐನೂರು ವರ್ಷಗಳ ಹಿಂದೆ ಅದೇ ಎಡೆದೊರೆಗಾಗಿ ಚೋಳರೂ ಕಲ್ಯಾಣದ ಚಾಲುಕ್ಯರೂ ಬಡಿದಾಡಿದ್ದರು. ಆಗ ಎರಡೂ ಕಡೆ ಇದ್ದವರು ಶಿವಾಲಯಗಳನ್ನು ಕಟ್ಟಿಸಿದ ಅರಸರೇ. ಧರ್ಮ ಬೇರೆಯಾಗಿದ್ದಾಗ ಕಾದಾಟಕ್ಕೆ ಅದು ಬಲ ಕೊಟ್ಟಿತು ನಿಜ, ಆದರೆ ಕಾದಾಟದ ಮೂಲ ಎರಡು ಪ್ರಬಲ ರಾಜ್ಯಗಳ ನಡುವೆ ಬಿದ್ದಿದ್ದ ಆ ಫಲವತ್ತಾದ ನೆಲದಲ್ಲಿತ್ತು ಮತ್ತು ಅದು ಎದುರಾಳಿಯ ಕೈ ಸೇರೀತೆಂಬ ಅಂಜಿಕೆಯಲ್ಲಿತ್ತು. 1945ರ ಮಧ್ಯ ಯುರೋಪಿನ ಸ್ಥಿತಿಯನ್ನೂ ಹೀಗೆಯೇ ನೋಡಬೇಕಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು. ಪೋಲೆಂಡಿನ ಬಯಲಿನ ಮೂಲಕ ಮತ್ತೊಮ್ಮೆ ಯಾರೂ ನುಗ್ಗದಂತೆ ತನ್ನ ಪಶ್ಚಿಮ ಗಡಿಯುದ್ದಕ್ಕೂ ತನಗೆ ವಿಧೇಯವಾದ ಸರ್ಕಾರಗಳಿರಬೇಕೆಂದು ಸ್ಟಾಲಿನ್ ಬಯಸಿದರು. ಆದರೆ 1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ನಡೆದ ಮಿತ್ರರಾಷ್ಟ್ರಗಳ ನಾಯಕರ ಸಭೆಯಲ್ಲಿ ಪೋಲೆಂಡಿನ ಜನರಿಗೆ ಮುಕ್ತ ಚುನಾವಣೆಯ ಭರವಸೆ ಕೊಡಲಾಗಿತ್ತು. 1947ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಬೆದರಿಕೆಯೂ ಅಕ್ರಮವೂ ನಡೆದವು. ವಾಷಿಂಗ್ಟನ್‌ನಲ್ಲಿ ಕುಳಿತವರಿಗೆ ಇದು ರಕ್ಷಣೆಯ ಕ್ರಮವಾಗಿ ಕಾಣಲಿಲ್ಲ. ಬರ್ಲಿನ್ ಮತ್ತು ವಿಯೆನ್ನಾಗಳವರೆಗೆ ಬಂದು ನಿಂತ ಸೇನೆಯ ಮುಂದಿನ ಹೆಜ್ಜೆಯಾಗಿ ಕಂಡಿತು. ಇತ್ತ ಮಾಸ್ಕೊದವರ ಕಣ್ಣ ಮುಂದೆ ಅಮೆರಿಕದ ಅಣುಬಾಂಬ್ ಇತ್ತು. ಹಿರೋಶಿಮಾದ ಮೇಲೆ ಅದು ಬಿದ್ದ ನಾಲ್ಕು ವರ್ಷಗಳ ಬಳಿಕ, 1949ರ ಆಗಸ್ಟ್ 29ರಂದು, ಸೋವಿಯತ್ ಒಕ್ಕೂಟವೂ ತನ್ನ ಮೊದಲ ಬಾಂಬನ್ನು ಪರೀಕ್ಷಿಸಿತು.

ಪರಸ್ಪರ ಅಂಜಿಕೆ ಎಷ್ಟಿತ್ತೆಂಬುದಕ್ಕೆ 1946ರ ಎರಡು ರಾಜತಾಂತ್ರಿಕ ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮಾಸ್ಕೊದಲ್ಲಿದ್ದ ಅಮೆರಿಕದ ಜಾರ್ಜ್ ಕೆನನ್ ಫೆಬ್ರುವರಿಯಲ್ಲಿ ತಮ್ಮ ಸರ್ಕಾರಕ್ಕೆ ಉದ್ದನೆಯ ತಂತಿ ಕಳುಹಿಸಿ, ಸೋವಿಯತ್ ಪ್ರಭುತ್ವ ಹೊರಜಗತ್ತಿನೊಂದಿಗೆ ಕಾಯಂ ಸಮಾಧಾನದಿಂದ ಇರಲಾರದೆಂದು ವಿವರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ತಮ್ಮ ಸರ್ಕಾರಕ್ಕೆ ಬರೆದು, ಅಮೆರಿಕ ಜಗತ್ತಿನ ಯಜಮಾನಿಕೆಗೆ ಹೊರಟಿದೆ ಎಂದು ತಿಳಿಸಿದರು. ಎರಡೂ ರಾಜಧಾನಿಗಳು ತಮ್ಮ ಸಿದ್ಧತೆಯನ್ನು ಆತ್ಮರಕ್ಷಣೆ ಎಂದೂ ಎದುರಿನವರ ಸಿದ್ಧತೆಯನ್ನು ಆಕ್ರಮಣ ಎಂದೂ ಓದಿಕೊಂಡವು. ಸಿದ್ಧಾಂತಕ್ಕೆ ಪಾತ್ರವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 1947ರ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗಳಿಗೆ 40 ಕೋಟಿ ಡಾಲರ್ ನೆರವು ಕೇಳಿದಾಗ, ಮಾತು ಆ ಎರಡು ದೇಶಗಳಿಗೆ ನಿಲ್ಲದೆ ಜಗತ್ತಿನ ಎಲ್ಲ ಸ್ವತಂತ್ರ ಜನರ ರಕ್ಷಣೆಯವರೆಗೆ ಹೋಯಿತು. ಒಂದು ಗಡಿಯ ವಿವಾದವನ್ನು ಮಾತುಕತೆಯಿಂದ ಬಗೆಹರಿಸಬಹುದು, ಆದರೆ ಎರಡು ಜೀವನಕ್ರಮಗಳ ಹೋರಾಟವೆಂದು ಘೋಷಿಸಿದ ಮೇಲೆ ರಾಜಿಗೆ ಒಪ್ಪುವವನು ದ್ರೋಹಿಯಾಗಿ ಕಾಣುತ್ತಾನೆ. ಸಿದ್ಧಾಂತ ಮಾಡಿದ ದೊಡ್ಡ ಹಾನಿ ಇದೇ ಎಂದು ನನ್ನ ಅಭಿಪ್ರಾಯ.

ತಪ್ಪು ಯಾರದು ಎಂಬ ಪ್ರಶ್ನೆಗೆ ಇಬ್ಬರದೂ ಸಮಪಾಲು ಎಂದು ಹೇಳಿ ನುಣುಚಿಕೊಳ್ಳುವುದೂ ಸರಿಯಲ್ಲ. ಪ್ರತಿಯೊಂದು ಕೃತ್ಯಕ್ಕೂ ಅದನ್ನು ಮಾಡಿದವರೇ ಹೊಣೆ. 1956ರಲ್ಲಿ ಹಂಗೇರಿಗೂ 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೂ ಟ್ಯಾಂಕುಗಳನ್ನು ಕಳುಹಿಸಿದ ಹೊಣೆ ಮಾಸ್ಕೊದ್ದು. 1953ರಲ್ಲಿ ಇರಾನಿನ ಮೊಸಾದೆಕ್ ಸರ್ಕಾರವನ್ನೂ 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಸರ್ಕಾರವನ್ನೂ ಉರುಳಿಸಿದ ಹೊಣೆಯಲ್ಲಿ ವಾಷಿಂಗ್ಟನ್ ತಪ್ಪಿಸಿಕೊಳ್ಳಲಾರದು.

ನೇರ ಯುದ್ಧವಾಗದ್ದನ್ನು ತಿಳಿಯಲು ಬರ್ಲಿನ್ ದಿಗ್ಬಂಧನವನ್ನು ವಿದ್ಯಾರ್ಥಿಗಳಿಗೆ ಹತ್ತಿರದಿಂದ ತೋರಿಸಬೇಕು. ಸೋಲಿಸಿದ ಜರ್ಮನಿಯನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದವು. ಬರ್ಲಿನ್ ನಗರವೂ ನಾಲ್ಕು ಪಾಲಾಗಿತ್ತು, ಆದರೆ ಅದು ಇದ್ದದ್ದು ಸೋವಿಯತ್ ವಲಯದ ನಡುವೆ. ಪಶ್ಚಿಮದವರು ತಮ್ಮ ವಲಯಗಳಲ್ಲಿ ಹೊಸ ನಾಣ್ಯ ಜಾರಿಗೆ ತಂದಾಗ, 1948ರ ಜೂನ್ 24ರಂದು, ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಕಾಲುವೆ ಮೂರನ್ನೂ ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಊಟ ಮತ್ತು ಉರುವಲು ನಿಂತುಹೋದವು. ಅಮೆರಿಕ ಮತ್ತು ಬ್ರಿಟನ್ ರಸ್ತೆಯನ್ನು ಬಲವಂತದಿಂದ ತೆರೆಯಲಿಲ್ಲ, ವಿಮಾನಗಳಲ್ಲಿ ಸಾಮಾನು ತಂದವು. ತಂದದ್ದರಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲು. ಉಳಿದದ್ದು ಹಿಟ್ಟು, ಹಾಲಿನ ಪುಡಿ, ಒಣಗಿಸಿದ ಆಲೂಗಡ್ಡೆ. 1949ರ ಏಪ್ರಿಲ್‌ನ ಒಂದು ದಿನವಂತೂ 24 ಗಂಟೆಗಳಲ್ಲಿ ಸುಮಾರು 1,400 ವಿಮಾನಗಳು, ಅಂದರೆ ಹೆಚ್ಚುಕಡಿಮೆ ನಿಮಿಷಕ್ಕೊಂದರಂತೆ, ಬಂದಿಳಿದವು. ಸೋವಿಯತ್ ಸೇನೆ ಆ ವಿಮಾನಗಳಿಗೆ ಅಡ್ಡಿಪಡಿಸಿದ್ದುಂಟು, ಆದರೆ ಒಂದನ್ನೂ ಹೊಡೆದುರುಳಿಸಲಿಲ್ಲ. ಮೊದಲ ಗುಂಡು ತಾನು ಹಾರಿಸಬಾರದು, ಹಾರಿಸುವ ಸಂದಿಗ್ಧವನ್ನು ಎದುರಿನವನಿಗೆ ಬಿಡಬೇಕು ಎಂಬ ಲೆಕ್ಕಾಚಾರ ಎರಡೂ ಕಡೆ ಇತ್ತು. ಮೇ 12ರಂದು ದಿಗ್ಬಂಧನ ತೆರವಾಯಿತು. ಅಷ್ಟರಲ್ಲಿ ಅಮೆರಿಕ ಮತ್ತು ಅದರ ಪಶ್ಚಿಮದ ಮಿತ್ರದೇಶಗಳ ಸೇನಾ ಒಕ್ಕೂಟವಾದ ನ್ಯಾಟೊ ಹುಟ್ಟಿತ್ತು, ಆ ವರ್ಷ ಮುಗಿಯುವುದರೊಳಗೆ ಜರ್ಮನಿ ಎರಡು ದೇಶಗಳಾಯಿತು.

ಯುರೋಪಿನಲ್ಲಿ ಪಾಲಿಸಿದ ಈ ಸಂಯಮವನ್ನು ಮಹಾಶಕ್ತಿಗಳು ಏಷ್ಯಾದಲ್ಲಿ, ಆಫ್ರಿಕಾದಲ್ಲಿ ಪಾಲಿಸಲಿಲ್ಲ. ನನಗೆ ಅತ್ಯಂತ ನೋವು ಕೊಡುವ ಭಾಗ ಇದು, ಮತ್ತು ನಮ್ಮ ಪಾಠಗಳಲ್ಲಿ ಅತ್ಯಂತ ಕಡಿಮೆ ಜಾಗ ಸಿಕ್ಕಿರುವ ಭಾಗವೂ ಇದೇ. ಜಪಾನ್ ಶರಣಾಗುವ ಹೊತ್ತಿನಲ್ಲಿ ಅಮೆರಿಕದ ಇಬ್ಬರು ಸೇನಾಧಿಕಾರಿಗಳು ನಕಾಶೆಯ ಮೇಲೆ 38ನೇ ಅಕ್ಷಾಂಶದಲ್ಲಿ ಗುರುತಿಸಿದ ಗೆರೆ ಕೊರಿಯಾವನ್ನು ಇಬ್ಭಾಗ ಮಾಡಿತು. 1950ರ ಜೂನ್ 25ರಂದು ಸ್ಟಾಲಿನ್ ಸಮ್ಮತಿಯೊಂದಿಗೆ ಉತ್ತರ ಕೊರಿಯಾದ ಸೇನೆ ಆ ಗೆರೆಯನ್ನು ದಾಟಿತು, ಅಮೆರಿಕ ದಕ್ಷಿಣದ ನೆರವಿಗೆ ಬಂತು, ಚೀನಾ ಉತ್ತರದ ನೆರವಿಗೆ ಬಂತು. ಮೂರು ವರ್ಷಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. ಕದನವಿರಾಮದ ಮಾತುಕತೆ ಎರಡು ವರ್ಷ ಎಳೆದದ್ದಕ್ಕೆ ಮುಖ್ಯ ಕಾರಣ, ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ.

ಆ ಪ್ರಶ್ನೆಯನ್ನು ಬಗೆಹರಿಸಲು 1953ರಲ್ಲಿ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಸೈನಿಕ ಶಾಲೆಯಿರುವ ವಿಜಯಪುರದಲ್ಲಿಯೂ ಈ ವಿಷಯ ತಿಳಿದವರು ಬಹಳ ಕಡಿಮೆ. ಆಯೋಗದಲ್ಲಿ ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲಿದರೆ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ ವಾಲುತ್ತಿದ್ದುದರಿಂದ ನಿರ್ಣಾಯಕ ಮತ ಭಾರತದ್ದಾಗಿರುತ್ತಿತ್ತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಲು ಒಪ್ಪಲಿಲ್ಲ. ಹಡಗಿನಿಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ 22,000ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳನ್ನು ಕಾಯುವುದು, ಒಬ್ಬೊಬ್ಬರನ್ನೂ ಡೇರೆಗೆ ಕರೆತಂದು ಅವರ ದೇಶದ ಪ್ರತಿನಿಧಿಗಳ ಮಾತು ಕೇಳಿಸುವುದು, ಬಳಿಕ ಎರಡು ಬಾಗಿಲುಗಳಲ್ಲಿ ತಮಗೆ ಬೇಕಾದ ಒಂದರಿಂದ ಹೊರಹೋಗಲು ಬಿಡುವುದು ಆ ಸೈನಿಕರ ಕೆಲಸವಾಗಿತ್ತು. ಒಂದು ಬಾಗಿಲು ಊರಿಗೆ ಮರಳುವವರದು, ಇನ್ನೊಂದು ಒಲ್ಲೆ ಎನ್ನುವವರದು. ಶಿಬಿರಗಳೊಳಗಿನ ಮುಖಂಡರ ಬೆದರಿಕೆಗೆ ಅಂಜಿ ಡೇರೆಗೆ ಬರಲೊಪ್ಪದವರೇ ಹೆಚ್ಚಿದ್ದರು. ಯಾವ ಬಣದ ದೇಶವೂ ಬೇಡವೆಂದ 88 ಜನ 1954ರಲ್ಲಿ ನಮ್ಮ ಸೈನಿಕರೊಂದಿಗೆ ಭಾರತಕ್ಕೆ ಬಂದರು. ಯಾವ ಬಣಕ್ಕೂ ಸೇರದ ಭಾರತದ ಅಲಿಪ್ತ ನೀತಿಯೆಂದರೆ ಸುಮ್ಮನೆ ದೂರ ನಿಲ್ಲುವುದು ಎಂದು ಹೇಳುವವರಿಗೆ ನಾನು ಈ ಪ್ರಸಂಗವನ್ನೇ ಮುಂದಿಡುತ್ತೇನೆ.

ವಿಯೆಟ್ನಾಮಿನಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು, ಸತ್ತ ವಿಯೆಟ್ನಾಮಿಗರ ಸಂಖ್ಯೆ ಅದರ ಹತ್ತಾರು ಪಟ್ಟು. 1975ರಲ್ಲಿ ಆರಂಭವಾದ ಅಂಗೋಲಾದ ಅಂತರ್ಯುದ್ಧಕ್ಕೆ ಎರಡೂ ಬಣಗಳು ಶಸ್ತ್ರ ಸುರಿದವು. ಸೋವಿಯತ್ ಒಕ್ಕೂಟ 1991ರಲ್ಲಿ ಕರಗಿದರೂ ಆ ಯುದ್ಧ 2002ರವರೆಗೆ ನಡೆಯಿತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಹೊಕ್ಕ ಅಫ್ಗಾನಿಸ್ತಾನ ಇಂದಿಗೂ ಚೇತರಿಸಿಕೊಂಡಿಲ್ಲ.

ಅಣ್ವಸ್ತ್ರಗಳೇ ಶಾಂತಿಯನ್ನು ಕಾಪಾಡಿದವು ಎಂಬ ವಾದವನ್ನು ಅರ್ಧಕ್ಕಷ್ಟೇ ಒಪ್ಪಬಹುದು. ಎರಡೂ ಕಡೆ ಭಯವಿತ್ತು, ಅದು ಕೈ ಹಿಡಿಯಿತು ನಿಜ. ಆದರೆ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿಗಳನ್ನಿಟ್ಟದ್ದರಿಂದ ಎದ್ದ ಬಿಕ್ಕಟ್ಟಿನ ನಡುವೆ, 1962ರ ಅಕ್ಟೋಬರ್ 27ರಂದು, ಕ್ಯೂಬಾದ ಬಳಿ ಅಮೆರಿಕದ ಹಡಗುಗಳು ಸುತ್ತುವರಿದ ಸೋವಿಯತ್ ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪಿಡೊ ಇತ್ತು, ಯುದ್ಧವೇ ಆರಂಭವಾಗಿದೆಯೆಂದು ನಾಯಕ ಭಾವಿಸಿದ್ದ, ಅದನ್ನು ಹಾರಿಸಲು ವಾಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ಒಪ್ಪದೆ ಇದ್ದುದರಿಂದ ಅನಾಹುತ ತಪ್ಪಿತು. ಮರುದಿನ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದಿಂದ ಕ್ಷಿಪಣಿಗಳನ್ನು ಹಿಂತೆಗೆಯಲು ಒಪ್ಪಿದರು. ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕ ಗುಟ್ಟಾಗಿ ಮಾತು ಕೊಟ್ಟಿತು. ಅದೇ ವಾರಗಳಲ್ಲಿ, ಅಕ್ಟೋಬರ್ 20ರಿಂದ, ಚೀನಾ ನಮ್ಮ ಗಡಿಯಲ್ಲಿ ಆಕ್ರಮಣ ನಡೆಸಿತ್ತೆಂಬುದನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಂಡರೆ ಆಗಿನ ದೆಹಲಿಯ ಸಂಕಷ್ಟ ತಿಳಿಯುತ್ತದೆ. ಇಷ್ಟಾದ ಮೇಲೂ ಪೈಪೋಟಿ ನಿಲ್ಲಲಿಲ್ಲ. 1986ರ ಸುಮಾರಿಗೆ ಜಗತ್ತಿನಲ್ಲಿ ಸುಮಾರು 70,000 ಅಣ್ವಸ್ತ್ರಗಳಿದ್ದವು.

ಈಗಿನ ಅಮೆರಿಕ ಮತ್ತು ಚೀನಾಗಳ ಪೈಪೋಟಿಯನ್ನು ಅದೇ ಶೀತಲ ಸಮರವೆಂದು ಕರೆಯುವುದು ಅವಸರದ ತೀರ್ಮಾನ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ವ್ಯಾಪಾರ ನಗಣ್ಯವಾಗಿತ್ತು. ಅಮೆರಿಕ ಮತ್ತು ಚೀನಾ, ಸುಂಕದ ಜಗಳದ ನಡುವೆಯೂ, ಇಂದಿಗೂ ದೊಡ್ಡ ಪ್ರಮಾಣದಲ್ಲಿ ವ್ಯಾಪಾರ ಮಾಡುತ್ತವೆ. ಆದರೆ ತೈವಾನ್ ಮತ್ತು ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಹಳೆಯ ಅಂಜಿಕೆಯ ಲಕ್ಷಣಗಳಿವೆ, ಮತ್ತು ಮಾತುಕತೆಯಿಂದ ಬಂದ ಕಟ್ಟುಪಾಡುಗಳು ಒಂದೊಂದಾಗಿ ಬೀಳುತ್ತಿವೆ. ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ 1987ರಲ್ಲಿ ಸಹಿ ಹಾಕಿದ ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ 2019ರಲ್ಲಿ ಕೊನೆಗೊಂಡಿತು.

ಇದು ದೂರದ ದೇಶಗಳ ಜಗಳವೆಂದು ನಮ್ಮ ಭಾಗದವರು ಸುಮ್ಮನಿರುವಂತಿಲ್ಲ. ಉಕ್ರೇನ್ ಯುದ್ಧ ಆರಂಭವಾದಾಗ ನಮ್ಮ ಅಡುಗೆಮನೆಗಳ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು, ಏಕೆಂದರೆ ಭಾರತ ಅದನ್ನು ಹೆಚ್ಚಾಗಿ ತರಿಸುತ್ತಿದ್ದುದು ಉಕ್ರೇನ್ ಮತ್ತು ರಷ್ಯಾಗಳಿಂದ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಗೆ ಬೇಕಾದ ಪೊಟ್ಯಾಷ್ ಗೊಬ್ಬರಕ್ಕೂ ರಷ್ಯಾ ಮತ್ತು ಬೆಲಾರೂಸ್ ದೊಡ್ಡ ಮೂಲಗಳು. ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ಮಕ್ಕಳು ಬಂಕರುಗಳಲ್ಲಿ ಅಡಗಿ, ಗಡಿಯವರೆಗೆ ನಡೆದು ಪಾರಾಗಬೇಕಾಯಿತು. ನಮ್ಮ ರಾಜ್ಯದ ಒಬ್ಬ ವಿದ್ಯಾರ್ಥಿ ಜೀವಂತವಾಗಿ ಮರಳಿ ಬರಲೇ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಪತ್ರಿಕೆ ವಿದ್ಯಾರ್ಥಿಗಳಿಗೆ ಮೀಸಲಿಡುವ ಪುಟದಲ್ಲಿ ಬರ್ಲಿನ್, ಕೊರಿಯಾ, ಕ್ಯೂಬಾ, ಅಂಗೋಲಾ, ಅಫ್ಗಾನಿಸ್ತಾನಗಳ ಕುರಿತು ನಕಾಶೆ ಸಹಿತ ಒಂದೊಂದು ವಾರ ಒಂದೊಂದು ಲೇಖನ ಪ್ರಕಟಿಸಬೇಕು, ಅದರಲ್ಲಿ ಜನರಲ್ ತಿಮ್ಮಯ್ಯನವರ ಕೊರಿಯಾ ಕಾರ್ಯಕ್ಕೆ ಪ್ರತ್ಯೇಕ ಜಾಗ ಕೊಡಬೇಕು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿಯೂ ನನ್ನ ವಿನಂತಿಯಿದೆ: ಶೀತಲ ಸಮರಕ್ಕೆ ಕಾರಣವೇನು ಎಂದು ಕೇಳುವ ಬದಲು, ಒಂದೇ ಸಿದ್ಧಾಂತದ ಸೋವಿಯತ್ ಒಕ್ಕೂಟ ಮತ್ತು ಚೀನಾ 1969ರಲ್ಲಿ ಏಕೆ ಕಾದಾಡಿದವು ಎಂದು ಒಮ್ಮೆ ಕೇಳಿ ನೋಡಲಿ.

ಇತಿಹಾಸ ಉಪನ್ಯಾಸಕ,
ಮುದ್ದೇಬಿಹಾಳ, ವಿಜಯಪುರ ಜಿಲ್ಲೆ