ಅಣ್ಣನನ್ನು ಬರಬೇಡ ಎನ್ನಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಮಗುವಿಗೆ ಕಿವಿ ಕೇಳಿಸದು ಎಂಬ ಬೇರಾ ಪರೀಕ್ಷೆಯ ವರದಿ ಕೇಳಿ ಎದೆ ಒಡೆಯಿತು, ನಿಜ. ಆದರೆ ರಾತ್ರಿಯಿಡೀ ಕಾಡಿದ್ದು ನಿನ್ನ ಕೊನೆಯ ಮಾತು. ‘ಸದ್ಯಕ್ಕೆ ಅಣ್ಣ ಬರುವುದು ಬೇಡಮ್ಮ. ಅವನ ಸನ್ನೆ ನೋಡಿ ಮಗು ಮಾತು ಕಲಿಯದೇ ಹೋದೀತು ಎನ್ನುತ್ತಾರೆ ಅತ್ತೆ.’ ಅವನು ನನ್ನ ಎದುರಿಗೇ ಕುಳಿತಿದ್ದ. ನನ್ನ ಮುಖ ನೋಡಿ ಅರ್ಧ ತಿಳಿದುಕೊಂಡ. ಉಳಿದರ್ಧ ಕೇಳಿದ, ನಾನು ಹೇಳಲಿಲ್ಲ.

ನಿಮ್ಮ ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಮೂವತ್ತು ವರ್ಷಗಳ ಹಿಂದೆ ನಾನೇ ಆಡಿದ್ದೆ. ಶಾಲೆಯವರು ಹೇಳಿದರೆಂದು, ಅವನು ಕೈ ಎತ್ತಿದಾಗಲೆಲ್ಲ ಹಿಡಿದು ಕೆಳಗಿಳಿಸಿದ್ದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರು ಸನ್ನೆ ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯ ಮಾಡಿದ್ದರು. ಅದರ ನೆರಳು ನನ್ನ ಅಡುಗೆಮನೆಯವರೆಗೂ ಚಾಚಿತ್ತೆಂದು ಆಗ ತಿಳಿದಿರಲಿಲ್ಲ.

ನಿನಗೆ ನೆನಪಿರುವುದನ್ನು ಬರೆಯುವುದಿಲ್ಲ. ನೆನಪಿರಲು ಸಾಧ್ಯವೇ ಇಲ್ಲದ ಒಂದನ್ನು ಬರೆಯುತ್ತೇನೆ. ನಿನ್ನ ಹೆರಿಗೆಗೆ ನಾನು ಶಿವಮೊಗ್ಗಕ್ಕೆ ಹೊರಟಾಗ ಅವನಿಗೆ ನಾಲ್ಕೂವರೆ ವರ್ಷ. ಕಿವಿ ಕೇಳಿಸದು ಎಂದು ಗೊತ್ತಾಗಿ ಆರು ತಿಂಗಳೂ ಆಗಿರಲಿಲ್ಲ. ‘ನಮ್ಮ ಮನೆತನದ ಗಂಡುಮಕ್ಕಳಿಗೆ ಮಾತು ತಡ’ ಎಂದು ಎಲ್ಲರೂ ಸಮಾಧಾನ ಹೇಳುತ್ತ ಹೇಳುತ್ತ ನಾಲ್ಕು ವರ್ಷ ಕಳೆದಿದ್ದವು. ಊಟ, ನೀರು, ಬಾ, ಹೋಗು, ಇಷ್ಟಕ್ಕೆ ನಮ್ಮಿಬ್ಬರ ನಡುವೆ ಸನ್ನೆಗಳಿದ್ದವು. ನಾಳೆ ಎಂಬುದಕ್ಕೆ ಇರಲಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತೇವಲ್ಲ, ಅದರಲ್ಲಿ ಹೋಗುವುದನ್ನಷ್ಟೇ ಅವನು ಕಂಡ. ಬರುತ್ತೇನೆ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಹನ್ನೊಂದು ದಿನ ಅಜ್ಜಿಯ ಮನೆಯ ಜಗಲಿಯ ಮೇಲೆ ನನ್ನ ಹಳೆಯ ಸೀರೆ ಹೊದ್ದು ಕುಳಿತಿದ್ದನಂತೆ. ತಿರುವಿನಲ್ಲಿ ಬಸ್ಸಿನ ಧೂಳು ಕಂಡರೆ ಎದ್ದು ನಿಲ್ಲುವುದು, ಧೂಳು ಇಳಿದ ಮೇಲೆ ಕುಳಿತುಕೊಳ್ಳುವುದು. ನಿನ್ನನ್ನು ಎತ್ತಿಕೊಂಡು ನಾನು ಬಂದಿಳಿದಾಗ ಹತ್ತಿರ ಬರಲಿಲ್ಲ. ಸೀರೆಯನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಇವಳು ನಿನ್ನ ತಂಗಿ ಎಂದು ಹೇಳುವುದಾದರೂ ಹೇಗೆ? ಹನ್ನೊಂದು ದಿನ, ಪುಟ್ಟಿ. ಅಷ್ಟು ದಿನ ಅವನ ತಲೆಯೊಳಗೆ ಏನಿತ್ತೆಂದು ಇವತ್ತಿಗೂ ಯೋಚಿಸುತ್ತೇನೆ. ತಾಯಿ ಸತ್ತಳೆಂದುಕೊಳ್ಳಲು ಸಾವು ಎಂಬ ಮಾತೂ ಅವನಲ್ಲಿರಲಿಲ್ಲ.

ಅದನ್ನು ಬಹಳ ಕಾಲ ಕಿವಿಯ ದೋಷವೆಂದೇ ತಿಳಿದಿದ್ದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿದ್ದಾಗ ಒಬ್ಬ ಶ್ರವಣತಜ್ಞೆ ಕೂರಿಸಿಕೊಂಡು ವಿವರಿಸಿದರು. ತಂದೆತಾಯಿಯೂ ಕಿವುಡರಾಗಿದ್ದು, ತೊಟ್ಟಿಲಿನಿಂದಲೇ ಸನ್ನೆಭಾಷೆ ಕಂಡ ಕಿವುಡ ಮಕ್ಕಳು, ಇನ್ನೊಬ್ಬರ ಮನಸ್ಸಿನಲ್ಲಿರುವುದು ತಮ್ಮ ಮನಸ್ಸಿನಲ್ಲಿರುವುದಕ್ಕಿಂತ ಬೇರೆ ಎಂಬುದನ್ನು ಕೇಳಿಸುವ ಮಕ್ಕಳ ವಯಸ್ಸಿನಲ್ಲೇ ಅರಿಯುತ್ತಾರೆ. ಭಾಷೆ ತಡವಾಗಿ ಸಿಕ್ಕವರಿಗೆ ಆ ಅರಿವೂ ತಡ. ತಾನು ಗದ್ದೆಯಲ್ಲಿ ಕಂಡದ್ದು ನನಗೂ ಗೊತ್ತಿರಬೇಕೆಂದುಕೊಂಡು, ಗೊತ್ತಿಲ್ಲವೆಂದಾಗ ಅವನು ನೆಲಕ್ಕೆ ಬಿದ್ದು ಅಳುತ್ತಿದ್ದುದು ನೆನಪಾಯಿತು. ನಾವು ಅದನ್ನು ಹಟ ಎಂದಿದ್ದೆವು. ನಾನು ಹೊಡೆದೂ ಇದ್ದೆ.

ತರಗತಿಯಲ್ಲಿ ಕೈಕಟ್ಟಿ ಕೂರಿಸಿದರೂ ರಾತ್ರಿ ಹಾಸ್ಟೆಲಿನಲ್ಲಿ ದೊಡ್ಡ ಹುಡುಗರಿಂದ ಅವನು ಸನ್ನೆ ಕಲಿತ. ಒಂಬತ್ತನೆಯ ವಯಸ್ಸಿನಲ್ಲಿ ದಸರಾ ರಜೆಗೆ ಬಂದವನು ಏನನ್ನೋ ಕೇಳಿದ. ನನಗೆ ತಿಳಿಯಲಿಲ್ಲ. ನೀನು ಬಿಡಿಸಿ ಹೇಳಿದೆ: ‘ಅಮ್ಮ, ಆಗ ಎಲ್ಲಿಗೆ ಹೋಗಿದ್ದೆ ಅಂತ ಕೇಳುತ್ತಿದ್ದಾನೆ.’ ಜಗಲಿಯಲ್ಲಿ ಕುಳಿತಿದ್ದಾಗ ಅವನಿಗಿದ್ದ ವಯಸ್ಸೇ ಆಗ ನಿನಗೆ. ಅಷ್ಟು ಚಿಕ್ಕವಳನ್ನು ನಮ್ಮಿಬ್ಬರ ನಡುವೆ ದುಭಾಷಿಯಾಗಿ ನಿಲ್ಲಿಸಿದ್ದಕ್ಕೆ ನಿನ್ನಲ್ಲಿ ಎಂದೂ ಕ್ಷಮೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ಇವತ್ತು ಅವನು ನನ್ನ ಬ್ಯಾಂಕಿನ ಲೆಕ್ಕವೆಲ್ಲ ನೋಡುತ್ತಾನೆ, ಹೆಮ್ಮೆಯಾಗುತ್ತದೆ. ಆದರೂ ಪತ್ರಿಕೆಯಲ್ಲಿ ಉದ್ದ ವಾಕ್ಯ ಬಂದರೆ ತಡವರಿಸುತ್ತಾನೆ. ಹೋದ ಆ ನಾಲ್ಕು ವರ್ಷ ಪೂರ್ತಿಯಾಗಿ ಮರಳಿ ಸಿಗಲಿಲ್ಲ.

ನೀನು ಎರಡೂವರೆ ತಿಂಗಳಿಗೇ ಪರೀಕ್ಷೆ ಮುಗಿಸಿದೆ. ನನಗಿಂತ ಜಾಣತಾಯಿ. ಹಾಗಾಗಿ ಹೇಳುತ್ತೇನೆ, ಬೇಸರಿಸಬೇಡ. ಶ್ರವಣಯಂತ್ರ ಈ ತಿಂಗಳೇ ಹಾಕಿಸು. ಅಮೆರಿಕದ ಕೊಲರಾಡೊದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಗುರುತಿಸಿ ನೆರವು ಕೊಟ್ಟ ಮಕ್ಕಳ ಭಾಷೆ ಉಳಿದವರಿಗಿಂತ ಮುಂದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಅನ್ನು ವರ್ಷ ತುಂಬುವ ಹೊತ್ತಿಗೆ ಮಾಡುತ್ತಾರೆಂದು ನೀನೇ ಹೇಳಿದೆ, ಖಂಡಿತ ಮಾಡಿಸು. ಅದು ಕನ್ನಡಕದ ಹಾಗೆ ಹಾಕಿದ ಕೂಡಲೇ ಸರಿಹೋಗುವಂಥದ್ದಲ್ಲ, ಕೇಳುವುದನ್ನು ಮಿದುಳು ಆಮೇಲೆ ಕಲಿಯಬೇಕು. ಅಲ್ಲಿಯವರೆಗೆ ಮಗುವಿನ ಮಿದುಳು ಕಾಯುತ್ತ ಕೂರುವುದಿಲ್ಲ. ಹಸಿದ ಕೂಸಿಗೆ ಬರುವ ವರ್ಷ ಊಟ ಹಾಕುತ್ತೇನೆ ಎನ್ನಲಾದೀತೆ? ಅದರ ಕಣ್ಣಿಗೆ ಇವತ್ತೇ ಭಾಷೆ ಬೀಳಲಿ. ಸನ್ನೆ ಕಂಡರೆ ಮಾತು ನಿಂತುಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನೀನೂ ಮಾತಾಡು, ಹಾಡು, ಮುಖ ತೋರಿಸಿ ಹಾಡು. ಅತ್ತೆಯವರಿಗೆ ನಾನೇ ಬಂದು ಹೇಳುತ್ತೇನೆ, ಜಗಲಿಯ ಕಥೆಯನ್ನೂ ಹೇಳುತ್ತೇನೆ.

ಗುರುವಾರ ರಾತ್ರಿಯ ಬಸ್ಸಿಗೆ ಎರಡು ಟಿಕೆಟ್ ಮಾಡಿಸಿದ್ದೇನೆ. ಒಂದು ನಿನ್ನ ಅಣ್ಣನಿಗೆ. ಕೋಪ ಬಂದರೆ ಬರಲಿ.

ನೀನು ಕಳುಹಿಸಿದ ಫೋಟೋದಲ್ಲಿ ಮಗುವಿನ ಎರಡೂ ಕೈಗೆ ಕೈಗವಸು ಹಾಕಿದ್ದೀಯ. ಸನ್ನೆ ಕಂಡು ಬೆಳೆಯುವ ಕಿವುಡ ಕೂಸುಗಳು ಬೇರೆ ಮಕ್ಕಳು ಬಾಯಲ್ಲಿ ತೊದಲುವ ಹೊತ್ತಿಗೆ ಬೆರಳಲ್ಲೇ ತೊದಲುತ್ತವಂತೆ. ಅದಕ್ಕೆ ಇನ್ನೂ ಕೆಲವು ತಿಂಗಳಿದೆ. ಆದರೂ ಶುಕ್ರವಾರ ಬೆಳಿಗ್ಗೆ ಅಣ್ಣ ಎತ್ತಿಕೊಳ್ಳುವ ಮೊದಲು ಆ ಕೈಗವಸು ಬಿಚ್ಚಿಡು. ಪರಚಿಕೊಳ್ಳುತ್ತದೆ ಎಂಬ ಭಯವಿದ್ದರೆ ಉಗುರನ್ನು ನಾನು ಬಂದು ಕತ್ತರಿಸುತ್ತೇನೆ.

ನಿನ್ನ
ಅಮ್ಮ