ಸತ್ಯವೇದ (ಬೈಬಲ್) ಪಾಠಪುಸ್ತಕಗಳ ಹೊಸ ಕ್ರಮ ಮತ್ತು ಹೊಸ ಬೆಲೆಯ ಕುರಿತು ನಮ್ಮ ಗ್ರಾಹಕರಿಗೆ

ಕರ್ತನಲ್ಲಿ ಪ್ರಿಯರಾದ ಮುಖ್ಯೋಪಾಧ್ಯಾಯರಿಗೆ, ಶಿಕ್ಷಕ ಶಿಕ್ಷಕಿಯರಿಗೆ, ಸಂಡೇ ಸ್ಕೂಲ್ ನಡೆಸುವವರಿಗೆ ಮತ್ತು ತಂದೆತಾಯಿಗಳಿಗೆ,

ಪುಣೆಯ ಸಹಕಾರಿ ಸಂಘದ ಪ್ರಕಟಣಾ ಸಮಿತಿಯ ವಂದನೆಗಳು. 2026ರ ಜೂನ್‌ನಲ್ಲಿ ಆರಂಭವಾಗುವ ಶಾಲಾ ವರ್ಷದಿಂದ 3ನೆಯ ತರಗತಿಯಿಂದ 8ನೆಯ ತರಗತಿಯವರೆಗಿನ ನಮ್ಮ ಸತ್ಯವೇದ ಪಾಠಪುಸ್ತಕಗಳು ಹೊಸ ಕ್ರಮದಲ್ಲಿ ಬರಲಿವೆ, ಮತ್ತು ಪ್ರತಿಯೊಂದು ಪುಸ್ತಕದ ಬೆಲೆ 70 ರೂಪಾಯಿಯಿಂದ 110 ರೂಪಾಯಿಗೆ ಏರಲಿದೆ. ಬೆಲೆಪಟ್ಟಿ ನಿಮ್ಮ ಕೈ ಸೇರಿದ ಮೇಲೆ ಪುಣೆ, ಮುಂಬೈ, ಸೊಲ್ಲಾಪುರ, ಮೀರಜ್ ಮತ್ತು ಗೋವೆಯಿಂದ ನಮಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ, ಎಲ್ಲರಿಗೂ ಒಟ್ಟಾಗಿ ಉತ್ತರಿಸುವುದು ಸರಿಯೆಂದು ಸಮಿತಿ ತೀರ್ಮಾನಿಸಿತು.

ಮೊದಲು ಬೆಲೆಯ ವಿಷಯ. ಒಂದೇ ಸಲ 40 ರೂಪಾಯಿ ಹೆಚ್ಚಿರುವುದು ಸಣ್ಣ ಹೊರೆಯಲ್ಲ ಎಂಬುದನ್ನು ನಾವು ಬಲ್ಲೆವು. ಮೂರು ಮಕ್ಕಳಿರುವ ಮನೆಗೆ ಅದು ಎಷ್ಟಾಗುತ್ತದೆಂಬ ಲೆಕ್ಕ ನಮಗೂ ಗೊತ್ತು, ಮತ್ತು ಆ ಹೊರೆಗಾಗಿ ನಿಮ್ಮಲ್ಲಿ ಮನಸಾರೆ ಕ್ಷಮೆ ಕೋರುತ್ತೇವೆ. ಆದರೆ ದೇವರ ವಾಕ್ಯವನ್ನು ಮುಂದಿಟ್ಟುಕೊಂಡು ಲಾಭ ಮಾಡುತ್ತಿದ್ದೀರಿ ಎಂಬ ಮಾತನ್ನು ಒಪ್ಪಿಕೊಳ್ಳಲು ನಮ್ಮಿಂದ ಆಗದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಿರುವಾಗ ತೆರಿಗೆಯ ಕಾರಣ ಹೇಳುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದು ನಿಜ. ಪುಸ್ತಕ ಅಚ್ಚಾಗುವ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಆ ಕಾಗದದ ಮೇಲಿನ ತೆರಿಗೆ ಶೇಕಡಾ 12ರಿಂದ 18ಕ್ಕೆ ಏರಿತು. ಅದೇ ದಿನ ನೋಟ್‌ಬುಕ್ಕಿನ ಕಾಗದದ ಮೇಲಿನ ತೆರಿಗೆಯನ್ನು ತೆಗೆದುಹಾಕಿದ್ದರಿಂದ, ಆ ಸುದ್ದಿಯನ್ನಷ್ಟೇ ಓದಿದವರಿಗೆ ಕಾಗದವೆಲ್ಲ ಅಗ್ಗವಾಯಿತೆಂಬ ಭಾವನೆ ಬಂದಿರಬೇಕು. ತೆರಿಗೆ ಇರುವ ಸರಕನ್ನು ಮಾರುವ ವ್ಯಾಪಾರಿಯು ತಾನು ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಬಹುದು. ನಮ್ಮ ಸರಕಿಗೆ ತೆರಿಗೆಯೇ ಇಲ್ಲದ ಕಾರಣ ನಮಗೆ ಆ ಅವಕಾಶವೂ ಇಲ್ಲ, ಕಾಗದಕ್ಕೆ ಕಟ್ಟಿದ ಪ್ರತಿಯೊಂದು ರೂಪಾಯಿಯೂ ಪುಸ್ತಕದ ಅಸಲು ಬೆಲೆಯೊಳಗೇ ಸೇರಿಹೋಗುತ್ತದೆ. ತೆರಿಗೆ ಇಲ್ಲದ ಪುಸ್ತಕ ಎಂಬ ಮಾತು ಕೇಳಲು ಹಿತವಾಗಿದ್ದರೂ, ಅದರ ಭಾರವನ್ನು ಯಾರು ಹೊರುತ್ತಾರೆಂಬುದನ್ನು ಪುಸ್ತಕ ಅಚ್ಚು ಹಾಕಿಸುವವರು ಮಾತ್ರ ಬಲ್ಲರು.

ಅಂಚೆಯ ವೆಚ್ಚದ ಬಗ್ಗೆಯೂ ಇದೇ ಬಗೆಯ ಆಕ್ಷೇಪ ಬಂದಿದೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಇದ್ದಷ್ಟು ದಿನ ಹಳ್ಳಿಯ ಸಭೆಗೂ ಕಡಿಮೆ ಖರ್ಚಿನಲ್ಲಿ ಪುಸ್ತಕ ಮುಟ್ಟುತ್ತಿತ್ತು. ಆ ಸೇವೆ 2024ರ ಡಿಸೆಂಬರ್ 18ರಂದು ನಿಂತುಹೋಯಿತು. ಅದರ ಮುಂದಿನ ತಿಂಗಳುಗಳಲ್ಲಿ ನಿಮಗೆ ಕಳುಹಿಸಿದ ಕಟ್ಟುಗಳೆಲ್ಲ ಪಾರ್ಸೆಲ್ ದರದಲ್ಲಿ ಹೋದವು, ಮತ್ತು ವ್ಯತ್ಯಾಸವನ್ನು ಸಂಘವೇ ಭರಿಸಿತು. ನಿಮ್ಮ ಬಿಲ್ಲಿನಲ್ಲಿ ಅದನ್ನು ಸೇರಿಸಲಿಲ್ಲವಾದ್ದರಿಂದ ಈ ಸಂಗತಿ ನಿಮ್ಮ ಗಮನಕ್ಕೆ ಬಂದಿರಲಾರದು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಆರಂಭವಾಗಿರುವುದು ದೊಡ್ಡ ಉಪಕಾರ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪಠ್ಯಪುಸ್ತಕಗಳಿಗೂ ಧಾರ್ಮಿಕ ಪುಸ್ತಕಗಳಿಗೂ ಇದು ಸಲ್ಲುತ್ತದೆ. ನೆಲಮಾರ್ಗವಾಗಿ ಬರುವುದರಿಂದ ಕಟ್ಟು ತಲುಪಲು ಕೆಲವು ದಿನ ಹೆಚ್ಚು ಹಿಡಿಯಬಹುದು. ಆದ್ದರಿಂದ ಶಾಲೆ ತೆರೆಯುವ ವಾರದಲ್ಲಿ ಆರ್ಡರ್ ಕಳುಹಿಸುವ ರೂಢಿಯನ್ನು ದಯವಿಟ್ಟು ಬಿಡಬೇಕೆಂದು ಕೋರುತ್ತೇವೆ.

ಇನ್ನು ಪುಸ್ತಕವೇ ದಪ್ಪವಾಗಿದೆ. 64 ಪುಟಗಳಿದ್ದದ್ದು 112 ಪುಟಗಳಾಗಿದೆ, ನಡುವೆ ಪಿನ್ನು ಹೊಡೆಯುವ ಬದಲು ದಾರದಿಂದ ಹೊಲಿಸಿದ್ದೇವೆ. ದೀಪಾವಳಿ ರಜೆಯೊಳಗೆ ನಡುವಿನ ಹಾಳೆಗಳು ಕಿತ್ತು ಬರುತ್ತವೆಂದು ನೀವೇ ವರ್ಷವರ್ಷವೂ ಬರೆಯುತ್ತಿದ್ದಿರಿ.

ಈಗ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದಿರುವ ದೂರಿಗೆ ಬರುತ್ತೇವೆ. ಹೊಸ ಪುಸ್ತಕದಲ್ಲಿ ಸತ್ಯವೇದ ಕಡಿಮೆಯಾಗಿದೆ, ಶಾಲೆಯ ಪಾಠ ಹೆಚ್ಚಾಗಿದೆ. ಗಣಿತ, ವಿಜ್ಞಾನಗಳನ್ನು ಕಲಿಸಲು ಬೇರೆ ಪೀರಿಯಡ್‌ಗಳಿರುವಾಗ ವಾರಕ್ಕೆ ಸಿಗುವ ಎರಡು ಸತ್ಯವೇದದ ಪೀರಿಯಡ್‌ಗಳಲ್ಲಿಯೂ ತಕ್ಕಡಿ, ನದಿ, ಗ್ರಹಗಳ ಮಾತೇಕೆ ಎಂಬುದು ಆ ದೂರು. ಇದನ್ನು ಬರೆದವರಲ್ಲಿ ನಾವು ಗೌರವಿಸುವ ಸಭಾಪಾಲಕರೂ, ನಮ್ಮ ಸಮಿತಿಯವರಿಗೇ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳಿದ ಟೀಚರಮ್ಮಂದಿರೂ ಇದ್ದಾರೆ. ಅವರ ಆತಂಕ ದೇವರ ವಾಕ್ಯದ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಆದ್ದರಿಂದ ಇದಕ್ಕೆ ಸಾವಧಾನವಾಗಿ ಉತ್ತರಿಸುತ್ತೇವೆ.

ಮೊದಲನೆಯದಾಗಿ, ಸತ್ಯವೇದದ ಯಾವ ಭಾಗವನ್ನೂ ನಾವು ಕೈಬಿಟ್ಟಿಲ್ಲ. ಕಂಠಪಾಠದ ವಾಕ್ಯಗಳು ಹಿಂದೆ ಎಷ್ಟಿದ್ದವೋ ಅಷ್ಟೂ ಇವೆ, ಪ್ರಶ್ನೋತ್ತರಗಳೂ ಇವೆ, ಎಂದಿನಂತೆ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಹೆಚ್ಚಾಗಿರುವುದು ಪ್ರತಿಯೊಂದು ಪಾಠದ ಎರಡನೆಯ ಭಾಗ. ಅದನ್ನು ಏಕೆ ಸೇರಿಸಬೇಕಾಯಿತೆಂದರೆ, ಹಳೆಯ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ಮಕ್ಕಳು ಸೃಷ್ಟಿಯ ಆರು ದಿನಗಳನ್ನು ಕ್ರಮ ತಪ್ಪದೆ ಹೇಳುತ್ತಾರೆ, ಹನ್ನೆರಡು ಮಂದಿ ಶಿಷ್ಯರ ಹೆಸರು ಹೇಳುತ್ತಾರೆ, ಬಹುಮಾನವನ್ನೂ ತರುತ್ತಾರೆ. ಆದರೆ ಗಂಟೆ ಬಾರಿಸಿ ಮುಂದಿನ ಪೀರಿಯಡ್ ಆರಂಭವಾದೊಡನೆ, ಈಗ ಕಲಿಯಲಿರುವ ಮಳೆಯೂ ಬೀಜವೂ ರಾಜ್ಯಗಳ ಚರಿತ್ರೆಯೂ ಬೇರೆ ಯಾರಿಗೋ ಸೇರಿದ ಲೋಕದ ಸಂಗತಿಗಳೆಂಬಂತೆ ಕುಳಿತುಕೊಳ್ಳುತ್ತಾರೆ. ಭೂಮಿಯೂ ಅದರಲ್ಲಿರುವ ಸಮಸ್ತವೂ ಯೆಹೋವನದು ಎಂದು 24ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಿದ ಮಗುವಿಗೆ ಭೂಗೋಳದ ಪುಸ್ತಕವೂ ಆ ಸಮಸ್ತದೊಳಗೆ ಬರುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕ್ರೈಸ್ತ ಶಾಲೆ ಎಂದು ಹೆಸರಿಟ್ಟುಕೊಂಡು ಬೆಳಗಿನ ಪ್ರಾರ್ಥನೆಗೂ ಕ್ರಿಸ್ಮಸ್ ಕಾರ್ಯಕ್ರಮಕ್ಕೂ ಮಾತ್ರ ಸತ್ಯವೇದವನ್ನು ತೆರೆಯುವುದಾದರೆ, ಮಗು ಹತ್ತು ವರ್ಷಗಳ ಕಾಲ ಅದರಿಂದ ಕಲಿಯುವ ಪಾಠ ಯಾವುದು ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು.

ಆದ್ದರಿಂದ ಪ್ರತಿಯೊಂದು ಪಾಠದಲ್ಲಿಯೂ ಮಗು ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿಯುತ್ತದೆ. ದೇವರು ಇದನ್ನು ಯಾವುದಕ್ಕಾಗಿ ಉಂಟುಮಾಡಿದನು? ಪಾಪದಿಂದ ಇದು ಹೇಗೆ ಕೆಟ್ಟಿದೆ? ಕ್ರಿಸ್ತನು ಇದನ್ನು ಹೇಗೆ ಬಿಡಿಸುತ್ತಾನೆ? ಎಲ್ಲವೂ ಹೊಸದಾಗುವ ದಿನವನ್ನು ಎದುರುನೋಡುತ್ತ ಈಗ ನಾನು ಏನು ಮಾಡಬೇಕು? ಸೃಷ್ಟಿ, ಪತನ, ವಿಮೋಚನೆ, ನವೀಕರಣ ಎಂಬ ಈ ಕ್ರಮ ನಾವು ಕಂಡುಹಿಡಿದದ್ದಲ್ಲ. ಆದಿಕಾಂಡದಿಂದ ಪ್ರಕಟನೆಯವರೆಗೆ ಸತ್ಯವೇದವೇ ನಡೆಯುವ ದಾರಿ ಅದು.

ತಕ್ಕಡಿಯ ಪಾಠದ ಮೇಲೆಯೇ ಹೆಚ್ಚು ಆಕ್ಷೇಪ ಬಂದಿರುವುದರಿಂದ ಅದನ್ನೇ ಬಿಡಿಸಿ ಹೇಳುತ್ತೇವೆ. 5ನೆಯ ತರಗತಿಯ ಈ ಪಾಠ ಯಾಜಕಕಾಂಡ 19ನೆಯ ಅಧ್ಯಾಯದ 35, 36ನೆಯ ವಚನಗಳಿಂದ ಆರಂಭವಾಗುತ್ತದೆ: ತೂಕದಲ್ಲಿ, ಅಳತೆಯಲ್ಲಿ ಮೋಸ ಕೂಡದು, ತಕ್ಕಡಿಯೂ ಕಲ್ಲೂ ನ್ಯಾಯವಾದವುಗಳಾಗಿರಬೇಕು. ಆಮೇಲೆ ಮಕ್ಕಳು ತರಕಾರಿ ಮಾರುಕಟ್ಟೆಗೋ ಮನೆಯ ಹತ್ತಿರದ ಅಂಗಡಿಗೋ ಹೋಗಿ ಕಬ್ಬಿಣದ ತೂಕದ ಕಲ್ಲನ್ನು ಅಂಗಡಿಯವರ ಅನುಮತಿಯಿಂದ ತಿರುಗಿಸಿ ನೋಡಬೇಕು. ಅದರ ಹಿಂಬದಿಯ ಗುಳಿಯಲ್ಲಿ ಸೀಸ ತುಂಬಿ, ಸೀಸದ ಮೇಲೆ ತಪಾಸಣೆಯ ಮುದ್ರೆ ಒತ್ತಿರುತ್ತಾರೆ. ಅವಧಿಗೊಮ್ಮೆ ಅದನ್ನು ಹೊಸದಾಗಿ ಒತ್ತಿಸಬೇಕು. ಒಂದು ಕಿಲೋ ಎಂದು ಬರೆದ ಕಲ್ಲು 950 ಗ್ರಾಂ ತೂಗಿದರೆ, ಒಂದೊಂದು ಕಿಲೋ ಕೊಂಡ ಇಪ್ಪತ್ತು ಗಿರಾಕಿಗಳಿಂದ ಒಂದು ಕಿಲೋ ಕದ್ದಂತಾಯಿತೆಂಬ ಲೆಕ್ಕವನ್ನು ಮಗು ತಾನೇ ಮಾಡುತ್ತದೆ. ಆ ಲೆಕ್ಕ ಮಾಡಿದ ಮೇಲೆ ಆಮೋಸನ 8ನೆಯ ಅಧ್ಯಾಯವನ್ನು ಓದಿಸಿದರೆ, ಅಳತೆಯನ್ನು ಕಿರಿದು ಮಾಡಿ ಬಡವರನ್ನು ನುಂಗುವವರ ಮೇಲೆ ಪ್ರವಾದಿಗೆ ಅಷ್ಟೊಂದು ಕೋಪ ಏಕೆ ಬಂತೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಪ್ರಯೋಗಕ್ಕಾಗಿ ಈ ಪಾಠವನ್ನು ಕಲಿಸಿದ ಒಂದು ಶಾಲೆಯಲ್ಲಿ, ತರಕಾರಿ ಮಾರುವ ಮನೆಯ ಹುಡುಗಿಯೊಬ್ಬಳು ತನ್ನ ತಂದೆಯ ಅರ್ಧ ಕಿಲೋ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಮುದ್ರೆಯನ್ನು ತರಗತಿಗೆಲ್ಲ ತೋರಿಸಿದಳು. ಅವಳ ಪಕ್ಕದ ಹುಡುಗ, ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆಯಲ್ಲ, ಅದರಲ್ಲಿ ಮೋಸ ಮಾಡಲು ಬರುತ್ತದೆಯೇ ಎಂದು ಕೇಳಿದ. ಅವನ ಪ್ರಶ್ನೆಯಿಂದಾಗಿ, ಅಂಥ ತಕ್ಕಡಿಗೂ ತಪಾಸಣೆ, ಮುದ್ರೆ ಎರಡೂ ಇರಬೇಕೆಂಬುದನ್ನು ತಿಳಿಸುವ ಅರ್ಧ ಪುಟವನ್ನು ಸೇರಿಸಿದೆವು. ಇಂಥ ತರಗತಿಯಲ್ಲಿ ಸತ್ಯವೇದ ಕಡಿಮೆಯಾಗಿದೆಯೆಂದು ಅಲ್ಲಿ ಕುಳಿತು ನೋಡಿದವರಾರೂ ಹೇಳಲಾರರು.

ನದಿಯ ಪಾಠವೂ ಹೀಗೆಯೇ. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಮನುಷ್ಯನು ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ನೇಮಕವಾದನೆಂದು ಓದಿದ ಮೇಲೆ, ಪುಣೆಯ ಮಗು ಮುಳಾ ಮುಠಾ ನದಿಗಳ ಸಂಗಮವನ್ನು ನೋಡಬೇಕು. ಆ ನೀರು ಭೀಮೆಯನ್ನು ಸೇರಿ, ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯವನ್ನು ದಾಟಿ, ಕಲಬುರಗಿಯ ಸೀಮೆಗೆ ಹರಿದು ಕಡೆಗೆ ಕೃಷ್ಣೆಯನ್ನು ಕೂಡುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜ ಅಜ್ಜಿಯರು ಇಂದಿಗೂ ಆ ನೀರನ್ನೇ ಬಳಸುವವರು. ನಿನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಇಲ್ಲಿಯ ಮಗುವಿಗೆ ಇದಕ್ಕಿಂತ ಹತ್ತಿರದ ಉತ್ತರ ನಮಗೆ ಸಿಗಲಿಲ್ಲ.

ಸಮಾಜ ಪಾಠಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇವೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಕನ್ನಡ ನಾಡಿನ ಘಟ್ಟದಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟು, ಸತ್ಯವೇದವನ್ನು ಮರಾಠಿಗೆ ಅನುವಾದಿಸಿದವರು. ಅವರಿಗೆ ಒಂದು ಪೂರ್ತಿ ಪಾಠವಿದೆ. ಮಹಾತ್ಮ ಜ್ಯೋತಿರಾವ್ ಫುಲೆಯವರ ಪಾಠ ಏಕೆಂದು ಕೇಳಿದವರಿಗೆ: ಅವರು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದವರು, 1848ರಲ್ಲಿ ಇದೇ ಊರಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು, ಆದರೆ ಕ್ರೈಸ್ತರಾಗಲಿಲ್ಲ. ಅದನ್ನು ಪಾಠದಲ್ಲಿ ಮುಚ್ಚಿಟ್ಟಿಲ್ಲ. ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟ ಮನುಷ್ಯರೆಲ್ಲರಲ್ಲಿಯೂ ನ್ಯಾಯದ ಹಸಿವನ್ನು ಕಾಣಬಹುದೆಂದು ಮಗು ತಿಳಿಯಬೇಕು, ಕೃತಜ್ಞತೆಯನ್ನೂ ಕಲಿಯಬೇಕು. 8ನೆಯ ತರಗತಿಯಲ್ಲಿ ಕೆಪ್ಲರ್ ಬರುತ್ತಾನೆ. ಸಭಾಸೇವೆಗೆಂದು ದೇವಶಾಸ್ತ್ರ ಓದಲು ಹೋದವನು ಗ್ರಹಗಳ ಚಲನೆಯ ನಿಯಮಗಳನ್ನು ಕಂಡ ಕಥೆ ಅದು.

ಪ್ರತಿಯೊಂದು ಲೆಕ್ಕಕ್ಕೂ ಒಂದು ವಾಕ್ಯವನ್ನು ಅಂಟಿಸುವ ಪುಸ್ತಕಗಳನ್ನು ನಾವೂ ನೋಡಿದ್ದೇವೆ, ಅವು ನಮಗೆ ಒಪ್ಪಿಗೆಯಿಲ್ಲ. ವಾಕ್ಯಕ್ಕೂ ಅದರಿಂದ ಗೌರವವಿಲ್ಲ, ಲೆಕ್ಕಕ್ಕೂ ಉಪಯೋಗವಿಲ್ಲ. ನಮ್ಮ ಕಣ್ಣ ಮುಂದಿದ್ದದ್ದು ದಾನಿಯೇಲನ 1ನೆಯ ಅಧ್ಯಾಯ. ಬಾಬೆಲಿಗೆ ಸೆರೆಯಾಗಿ ಹೋದ ನಾಲ್ವರು ಯೆಹೂದ್ಯ ಯೌವನಸ್ಥರು ಅಲ್ಲಿಯ ಕಸ್ದೀಯರ ಭಾಷೆಯನ್ನೂ ಶಾಸ್ತ್ರವನ್ನೂ ಬಾಬೆಲಿನ ಪಂಡಿತರಿಗಿಂತ ಚೆನ್ನಾಗಿ ಕಲಿತರು, ಆದರೆ ತಾವು ಯಾರವರೆಂಬುದನ್ನು ಅರಮನೆಯ ಊಟದ ಮುಂದೆಯೂ ಮರೆಯಲಿಲ್ಲ. ನಮ್ಮ ಮಕ್ಕಳು ನಾಳೆ ಹಿಂಜವಡಿಯ ಕಂಪನಿಗಳಿಗೂ ಆಸ್ಪತ್ರೆ, ಕೋರ್ಟುಗಳಿಗೂ ಹೋಗುವವರು. ಅಲ್ಲಿ ಅವರಿಗೆ ಕಂಠಪಾಠದ ವಾಕ್ಯವೂ ಬೇಕು, ಆ ವಾಕ್ಯದ ಬೆಳಕಿನಲ್ಲಿ ಎದುರಿನ ಕೆಲಸವನ್ನು ನೋಡುವ ಅಭ್ಯಾಸವೂ ಬೇಕು.

ಕ್ರೈಸ್ತರಲ್ಲದ ಮಕ್ಕಳು ಹೆಚ್ಚಾಗಿರುವ ಶಾಲೆಗಳ ಮುಖ್ಯೋಪಾಧ್ಯಾಯರು ಒಂದು ಸಂದೇಹವನ್ನು ಕೇಳಿದ್ದಾರೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿಯ 3ನೆಯ ಖಂಡವು, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಹೇಳುತ್ತದೆ. ಎರಡನ್ನೂ ನಾವು ಗೌರವಿಸುತ್ತೇವೆ. ಈ ಪುಸ್ತಕ ಸತ್ಯವೇದದ ಪೀರಿಯಡ್‌ಗೆ ಮಾತ್ರ ಸೇರಿದ್ದು. ಪೋಷಕರ ಲಿಖಿತ ಒಪ್ಪಿಗೆ ಪಡೆಯಲು ಬೇಕಾದ ನಮೂನೆಯನ್ನು ಪ್ರತಿ ಕಟ್ಟಿನೊಡನೆ ಕಳುಹಿಸುತ್ತೇವೆ.

ಹೊಸ ಪಾಠಗಳನ್ನು ಕಲಿಸುವುದು ಕಷ್ಟವೆಂದು ಹಿಂಜರಿಯುತ್ತಿರುವ ಶಿಕ್ಷಕಿಯರಿಗೆ ನಮ್ಮ ಭರವಸೆಯ ಮಾತು. ನಿಮ್ಮನ್ನು ಪುಸ್ತಕದೊಂದಿಗೆ ಒಂಟಿಯಾಗಿ ಬಿಡುವುದಿಲ್ಲ. ಶಿಕ್ಷಕರ ಕೈಪಿಡಿಯನ್ನು ಶಾಲೆಗೆ ಒಂದರಂತೆ ಉಚಿತವಾಗಿ ಕೊಡುತ್ತೇವೆ, ಮೇ ತಿಂಗಳ ಎರಡು ಶನಿವಾರ ನಮ್ಮ ಕಚೇರಿಯಲ್ಲಿ ಪಾಠಗಳನ್ನು ಮಾಡಿ ತೋರಿಸುತ್ತೇವೆ, ಬರಲಾಗದವರ ಶಾಲೆಗೆ ನಾವೇ ಬರುತ್ತೇವೆ. ಪ್ರತಿ ಪಾಠದ ಕೊನೆಯಲ್ಲಿ ಮನೆಯವರಿಗಾಗಿ ಕನ್ನಡದಲ್ಲಿ ದಪ್ಪಕ್ಷರದ ಒಂದು ಪುಟವಿದೆ. ಧರ್ಮೋಪದೇಶಕಾಂಡ 6ನೆಯ ಅಧ್ಯಾಯದ ಪ್ರಕಾರ ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಕ್ಕಳೊಡನೆ ಮಾತಾಡಬೇಕಾದವರು ತಂದೆತಾಯಿಗಳೇ ಆದ್ದರಿಂದ, ರಾತ್ರಿ ಊಟದ ಹೊತ್ತಿಗೆ ಅಮ್ಮನೋ ಅಜ್ಜಿಯೋ ಅದನ್ನು ಗಟ್ಟಿಯಾಗಿ ಓದಿದರೆ ಸಾಕು.

ಹಳೆಯ ಪುಸ್ತಕಗಳೇ ಬೇಕೆನ್ನುವವರಿಗೆ ಉಳಿದಿರುವ ಪ್ರತಿಗಳನ್ನು ಮುಗಿಯುವವರೆಗೆ 70 ರೂಪಾಯಿಗೇ ಕೊಡುತ್ತೇವೆ. ಹೊಸ ಬೆಲೆಯನ್ನು ಜೂನ್‌ನಲ್ಲಿ ಒಟ್ಟಿಗೆ ಕೊಡಲಾಗದ ಶಾಲೆಗಳೂ ಸಭೆಗಳೂ ಅರ್ಧವನ್ನು ದೀಪಾವಳಿ ರಜೆಯ ನಂತರ ಕೊಡಬಹುದು. ಅದಕ್ಕೆ ಅರ್ಜಿ ಬೇಕಿಲ್ಲ, ಆರ್ಡರ್ ಹಾಳೆಯ ಮೇಲೆ ಒಂದು ಸಾಲು ಬರೆದರೆ ಸಾಕು. ಒಂದು ತರಗತಿಗೆ ತರಿಸಿ ನೋಡಿ, ಮೊದಲ ಘಟಕ ಪರೀಕ್ಷೆಯವರೆಗೆ ಕಲಿಸಿಯೂ ನಿಮಗೆ ಸರಿಬಾರದಿದ್ದರೆ ಬಳಸಿದ ಪ್ರತಿಗಳನ್ನೂ ಹಿಂದಕ್ಕೆ ಪಡೆಯುತ್ತೇವೆ. ಆರ್ಡರ್‌ಗಳು ಏಪ್ರಿಲ್ 30ರೊಳಗೆ ನಮ್ಮ ಕೈ ಸೇರಲಿ.

ಕರ್ತನ ಸೇವೆಯಲ್ಲಿ ನಿಮ್ಮವರು,
ಕಾರ್ಯದರ್ಶಿ ಮತ್ತು ಪ್ರಕಟಣಾ ಸಮಿತಿಯ ಸದಸ್ಯರು
ಪುಣೆ