‘ಸಹಾಯಕ’ ಎಂದರೆ ಜೊತೆಗಾರ

ಮಾನ್ಯರೇ,

ಮಂಡ್ಯದ ಕಚೇರಿಯೊಂದರಲ್ಲಿ ಕಳೆದ ವಾರ, ಎದೆಗವಚಿಕೊಂಡು ಕಡತಗಳನ್ನು ತಂದ ಹಿರಿಯ ನೌಕರರೊಬ್ಬರನ್ನು ‘ಏಯ್, ಸಹಾಯಕ’ ಎಂದು ಕೂಗಿದ್ದನ್ನು ಕೇಳಿ ನೋವಾಯಿತು. ಸಂಸ್ಕೃತದ ‘ಸಹಾಯ’ ಪದಕ್ಕೆ ಜೊತೆಯಲ್ಲಿ ಸಾಗುವವನು ಎಂಬುದೇ ಮೂಲಾರ್ಥ. ಉಪವಿಭಾಗದ ಕಂದಾಯ ಆಡಳಿತ ನೋಡಿಕೊಳ್ಳುವ ಸಹಾಯಕ ಆಯುಕ್ತರಿಂದ ಹಿಡಿದು, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರನ್ನು ದಾಟಿ, ಮಕ್ಕಳಿಗೆ ಅಡುಗೆ ಮಾಡಿ ಬಡಿಸುವ ಅಂಗನವಾಡಿ ಸಹಾಯಕಿಯವರೆಗೂ ಈ ಒಂದೇ ಪದ ಸಲ್ಲುತ್ತದೆ. ನಮ್ಮ ಹಳ್ಳಿಗಳ ‘ಆಳು’ ಕೂಡ ಹಾಗೆಯೇ: ಗದ್ದೆಯಲ್ಲಿ ಕೂಲಿಯವನು, ‘ಕಟ್ಟಾಳು’ ಎಂದಾಗ ವೀರ, ಕ್ರಿಯಾಪದವಾದರೆ ರಾಜ್ಯಭಾರ. ಪದದಲ್ಲಿಲ್ಲದ ಕೀಳುತನವನ್ನು ನಾವು ದನಿಯಲ್ಲಿ ಸೇರಿಸುತ್ತಿದ್ದೇವೆ. ಕಚೇರಿಗಳಲ್ಲಿ ಸಿಬ್ಬಂದಿಯನ್ನು ಹೆಸರು ಹಿಡಿದು, ಬಹುವಚನದಲ್ಲಿಯೇ ಕರೆಯುವಂತೆ ಮೇಲಧಿಕಾರಿಗಳು ಸೂಚನೆ ನೀಡಬೇಕು.

– ಓದುಗ, ಮಂಡ್ಯ